ಅರ್ಧ ಸಾಲಿನಲ್ಲಿ ಸತ್ತ ಅಂಬಿಗಿತ್ತಿ

ಬೇಗ ಮುಗಿದ ಯಾವ ಕೆಲಸದ ಮೇಲೂ ಉದಯಶಂಕರನಿಗೆ ನಂಬಿಕೆಯಿಲ್ಲ. ಡಾಲಸ್ ಪಕ್ಕದ ಫ್ರಿಸ್ಕೋದ ಅವನ ಮನೆಗೆ ಪ್ಲಂಬರ್ ಬಂದು ಇಪ್ಪತ್ತು ನಿಮಿಷದಲ್ಲಿ ಸೋರಿಕೆ ನಿಲ್ಲಿಸಿ ಹೋದರೆ, ಮುಂದಿನ ಮೂರು ದಿನ ಅವನು ಸಿಂಕಿನ ಕೆಳಗೆ ಒಣ ಕಾಗದ ಹಾಸಿಟ್ಟು ಬೆಳಿಗ್ಗೆ ಸಂಜೆ ಮುಟ್ಟಿ ನೋಡುತ್ತಾನೆ. ಹಲ್ಲಿನ ಡಾಕ್ಟರು "ಎಲ್ಲಾ ಚೆನ್ನಾಗಿದೆ" ಎಂದು ಬೇಗ ಕಳಿಸಿದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಾನೆ. "ನನ್ನ ಮದುವೆಯಾಗೋವಾಗ್ಲೂ ಜಾತಕನ ಮೂರು ಕಡೆ ತೋರಿಸಿದ್ರು, ಮೂರೂ ಕಡೆ ಒಂದೇ ಥರ ಹೇಳಿದ್ದಕ್ಕೆ ಅನುಮಾನ ಬಂದು ನಾಲ್ಕನೇ ಕಡೆಗೂ ಹೋಗಿದ್ರು" ಎಂದು ಹೆಂಡತಿ ನಳಿನಿ ಬಂದವರೆದುರು ಹೇಳಿ ನಗುತ್ತಾಳೆ. ಅವನು ನಗುವುದಿಲ್ಲ. ಹಾಗೆ ಮಾಡಿದ್ದರಲ್ಲಿ ತಪ್ಪೇನಿತ್ತು ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಅವನ ಉದ್ಯೋಗವೂ ಅಂಥದೇ. ಬೇರೆಯವರು ಬರೆದ ತಂತ್ರಾಂಶದ ಮೇಲೆ ಒಮ್ಮೆಗೇ ಸಾವಿರಾರು ಜನ ಮುಗಿಬಿದ್ದರೆ ಅದು ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಚುರುಕಾಗುತ್ತದೆ ಎಂದು ಅಳೆದು ವರದಿ ಬರೆಯುವುದು. ಹದಿನೆಂಟು ವರ್ಷಗಳಿಂದ ಅದನ್ನೇ ಮಾಡಿದ್ದಾನೆ, ಮೊದಲು ಹ್ಯೂಸ್ಟನ್ನಿನಲ್ಲಿ, ಈಗ ಡಾಲಸ್ಸಿನಲ್ಲಿ. ನಿಧಾನವಾದರೆ ಅವನು ಹೆದರುವುದಿಲ್ಲ. ನಿಧಾನಕ್ಕೆ ಕಾರಣ ಹುಡುಕಬಹುದು. ಕಾರಣವಿಲ್ಲದೆ ಚುರುಕಾದರೆ ಮಾತ್ರ ಕುರ್ಚಿಯ ತುದಿಗೆ ಬರುತ್ತಾನೆ. ಎಲ್ಲೋ ಮಾಡಬೇಕಾದ ಕೆಲಸವೊಂದನ್ನು ಯಾರೋ ಬಿಟ್ಟಿದ್ದಾರೆ ಎಂದೇ ಅದರ ಅರ್ಥ.

ಅವನ ಹದಿನೈದು ವರ್ಷದ ಮಗಳು ನಿಖಿತಾ ಕಾದಂಬರಿ ಬರೆದದ್ದು ಇಂಥ ಮನೆಯಲ್ಲಿ ಕೂತು.

ಕಾದಂಬರಿ ಇಂಗ್ಲಿಷಿನಲ್ಲಿತ್ತು. ಅವಳ ವಯಸ್ಸಿನವರು ದಿಂಬಿನ ಪಕ್ಕ ಪೇರಿಸಿಟ್ಟುಕೊಳ್ಳುವ ಬಗೆಯದು: ಇಲ್ಲದ ದೇಶ, ಇಲ್ಲದ ರಾಜ, ಸಿಟ್ಟಿನ ಹುಡುಗಿ. ಆಸ್ಟಿನ್ನಿನ ಓದುಗರ ಕೂಟವೊಂದು ಹೈಸ್ಕೂಲಿನವರಿಗಾಗಿ ನಡೆಸುವ ಸ್ಪರ್ಧೆಗೆ ಅದನ್ನು ಕಳಿಸಬೇಕಿತ್ತು. ಗೆದ್ದರೆ ಅಚ್ಚಾಗುತ್ತದೆ. ಫೆಬ್ರವರಿಯ ಕೊನೆಯ ಶುಕ್ರವಾರ ಸಂಜೆ ಐದು ಗಂಟೆಗೆ ಗಡುವು. ಜೊತೆಗೆ ಒಂದು ಪುಟದ ಅರ್ಜಿ, ಅದರ ಕೆಳಗೆ ತಂದೆ ಅಥವಾ ತಾಯಿಯ ಸಹಿ: ಈ ಕೃತಿ ಸಂಪೂರ್ಣವಾಗಿ ನನ್ನ ಮಗುವಿನದೇ ಎಂದು ನಾನು ಬಲ್ಲೆ.

"ಅಪ್ಪಾ, ಯು ಸೈನ್ ಇಟ್, ಓಕೆ? ಬಟ್ ರೀಡ್ ಇಟ್ ಫಸ್ಟ್" ಎಂದಿದ್ದಳು ನಿಖಿತಾ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವಳು. ಸಿಟ್ಟು ಬಂದಾಗ ಮಾತ್ರ ಪೂರ್ತಿ ಕನ್ನಡ.

ಉದಯಶಂಕರ ಕಾದಂಬರಿ ಓದುವವನಲ್ಲ. ಆದರೂ ಸಹಿ ಹಾಕುವ ಕಾಗದವನ್ನು ಓದದೆ ಹಾಕುವವನೂ ಅಲ್ಲ. ಮಗಳ ವಯೋಲಿನ್ ಕ್ಲಾಸು ಮುಗಿಯುವ ತನಕ ಕಾರಿನಲ್ಲಿ ಕೂತು, ಸೀಟು ಹಿಂದಕ್ಕೆ ಮಾಡಿ, ಮೊಬೈಲಿನಲ್ಲಿ ಓದತೊಡಗಿದ. ಆ ಪಾರ್ಕಿಂಗಿನಲ್ಲಿ ಸಾಲಾಗಿ ನಿಂತ ಕಾರುಗಳಲ್ಲೆಲ್ಲ ಒಬ್ಬೊಬ್ಬ ಅಪ್ಪನೋ ಅಮ್ಮನೋ ಹೀಗೆ ಪರದೆಯ ಬೆಳಕಿಗೆ ಮುಖವೊಡ್ಡಿ ಕೂತಿರುತ್ತಿದ್ದರು.

ಕಥೆ ಹೀಗಿತ್ತು. ಗಾಳಿ ಬೀಸದ ದೇಶವೊಂದು. ಅಲ್ಲಿ ಗಾಳಿಯನ್ನು ದೂರದ ಬೆಟ್ಟದಿಂದ ಹಿಡಿದು ತಂದು ಮಣ್ಣಿನ ಗಡಿಗೆಗಳಲ್ಲಿ ತುಂಬಿ ಬಾಯಿಗೆ ಮೇಣ ಮೆತ್ತಿ ಇಡುತ್ತಾರೆ. ರೂವೆ ಎಂಬ ಹುಡುಗಿ ತನ್ನ ಅಣ್ಣನನ್ನು ಹುಡುಕಿಕೊಂಡು ಒಂದು ದೊಡ್ಡ ಸರೋವರ ದಾಟಬೇಕು. ದಾಟಿಸುವವಳು ಹಮ್ರಿ ಎಂಬ ಮುದುಕಿ, ಅಂಬಿಗಿತ್ತಿ. ದಿನಕ್ಕೊಂದು ಗಡಿಗೆಯ ಮೇಣ ಒಡೆದರೆ ಆ ದಿನದ ಪಯಣಕ್ಕೆ ಸಾಕಾಗುವಷ್ಟು ಗಾಳಿ. ಹದಿನಾಲ್ಕು ಗಡಿಗೆ, ಹದಿನಾಲ್ಕು ದಿನ, ಹದಿನಾಲ್ಕು ಅಧ್ಯಾಯ.

ಏನೂ ನಡೆಯುತ್ತಿರಲಿಲ್ಲ. ಹಮ್ರಿ ಮೀನಿನ ಮುಳ್ಳು ಬಿಡಿಸುವುದೇ ಒಂದೂವರೆ ಪುಟ. ಅವಳಿಗೆ ಎಡಗಿವಿ ಕೇಳಿಸದು, ಹಾಗಾಗಿ ತನಗೆ ಬೇಡದ ಮಾತನ್ನೆಲ್ಲ ಆ ಕಡೆಗೇ ತಿರುಗಿ ಕೇಳುತ್ತಾಳೆ. ಖಾಲಿಯಾದ ಗಡಿಗೆಗಳನ್ನು ಅವಳು ಎಸೆಯುವುದಿಲ್ಲ, ಬುಡದಲ್ಲಿ ಇನ್ನೂ ಒಂದು ಉಸಿರು ಇರುತ್ತದೆಂದು ಕಿವಿಗಿಟ್ಟುಕೊಂಡು ಕೇಳುತ್ತಾಳೆ. ಆರನೆಯ ದಿನ ಮೇಣ ಸರಿಯಾಗಿರದೆ ಗಡಿಗೆ ಬರಿದಾಗಿರುತ್ತದೆ. ದಿನವಿಡೀ ದೋಣಿ ನಿಂತ ನೀರಿನ ಮೇಲೆ ನಿಂತೇ ಇರುತ್ತದೆ. ಇಬ್ಬರೂ ಜಗಳವಾಡುತ್ತಾರೆ, ಅಷ್ಟೇ. ಉದಯಶಂಕರ ಆ ಅಧ್ಯಾಯವನ್ನು ಎರಡು ಸಲ ಓದಿದ. ವಯೋಲಿನ್ ಕ್ಲಾಸು ಮುಗಿದು ನಿಖಿತಾ ಕಾರಿನ ಗಾಜು ತಟ್ಟಿದಾಗ ಬೆಚ್ಚಿಬಿದ್ದ.

"ವಿಚ್ ಡೇ ಆರ್ ಯು ಆನ್?" ಎಂದಳು.

"ಆರನೇ ದಿನ."

"ಬೋರಿಂಗ್?"

"ಇಲ್ಲ" ಎಂದ. ಅದು ನಿಜವಾಗಿತ್ತು, ಅವನಿಗೇ ಅದು ಸೋಜಿಗ.

ಎರಡು ವಾರ ಅವನು ಅವಸರವಿಲ್ಲದೆ ಓದಿದ. ಊಟದ ವಿರಾಮದಲ್ಲಿ ಒಂದು ಅಧ್ಯಾಯ, ಕ್ಲಾಸಿನ ಹೊರಗೆ ಒಂದು. ಹದಿನಾಲ್ಕನೆಯ ದಿನ ದಡ ಕಾಣಿಸಿತು. ಹದಿನೈದನೆಯ ಅಧ್ಯಾಯ ತೆರೆದ.

ದೋಣಿಯನ್ನು ಯಾವಾಗ ದಡಕ್ಕೆ ಕಟ್ಟಿದರೋ ತಿಳಿಯಲಿಲ್ಲ. ಮೊದಲ ಸಾಲಿಗೇ ರೂವೆ ರಾಜಧಾನಿಯಲ್ಲಿದ್ದಳು. ಎರಡನೆಯ ಪುಟದಲ್ಲಿ ಅಣ್ಣ ಸಿಕ್ಕಿದ, ಮೂರನೆಯದರಲ್ಲಿ ದ್ರೋಹಿಯಾದ. ಹದಿನಾರರಲ್ಲಿ ಯುದ್ಧ ಶುರುವಾಗಿ ಮುಗಿಯಿತು. ಹದಿನೇಳರ ನಡುವೆ, ಬೇರೇನನ್ನೋ ಹೇಳುತ್ತಿದ್ದ ವಾಕ್ಯದೊಳಗೆ, ಅಲ್ಪವಿರಾಮದ ಆಚೆಗೆ, ಇಷ್ಟಿತ್ತು: ಅಷ್ಟರಲ್ಲಿ ಹಮ್ರಿ ಸತ್ತಿದ್ದಳು. ವಾಕ್ಯ ಮುಂದೆ ಹೋಯಿತು. ಹತ್ತೊಂಬತ್ತಕ್ಕೆ ಕಿರೀಟ, ಮಂಗಳ.

ಉದಯಶಂಕರ ಬೆರಳಿನಿಂದ ಪರದೆಯನ್ನು ಹಿಂದಕ್ಕೆ ಎಳೆದ. ಎಲ್ಲೋ ಪುಟ ತಪ್ಪಿರಬೇಕು. ತಪ್ಪಿರಲಿಲ್ಲ. ಹದಿನಾಲ್ಕು ದಿನ ಪಕ್ಕದಲ್ಲಿ ಕೂರಿಸಿಕೊಂಡು ಮೀನಿನ ಮುಳ್ಳು ಬಿಡಿಸಿಕೊಟ್ಟವಳು ಅರ್ಧ ಸಾಲಿನಲ್ಲಿ ಹೋಗಿದ್ದಳು. ಅವನಿಗೆ ಮೋಸಹೋದ ಹಾಗಾಯಿತು. ಮೋಸವೆಂದ ಮೇಲೆ ಮಾಡಿದವರು ಯಾರೋ ಇರಬೇಕು. ಅವನ ಮನಸ್ಸು ತಾನು ಬಲ್ಲ ದಾರಿ ಹಿಡಿಯಿತು.

ಆ ಐದು ಅಧ್ಯಾಯಗಳನ್ನು ಬರೆದವರು ಯಾರು?

ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಎದುರು ಕೂತಿದ್ದ ಕೌಸ್ತುಭನ ಹತ್ತಿರ ಮಾತು ತೆಗೆದ. ಕೌಸ್ತುಭ್ ಮೈಸೂರಿನ ಹುಡುಗ, ತಂಡಕ್ಕೆ ಹೊಸಬ, ಇಂಥ ಪುಸ್ತಕಗಳನ್ನು ರಾಶಿಗಟ್ಟಲೆ ಓದಿದವನು.

"ನನ್ನ ಫ್ರೆಂಡ್ ಒಬ್ಬರ ಮಗಳು ಕಾದಂಬರಿ ಬರೆದಿದ್ದಾಳೆ. ಮೊದಲ ಮುನ್ನೂರು ಪೇಜಲ್ಲಿ ಹದಿನಾಲ್ಕು ದಿನ. ಕೊನೇ ಅರವತ್ತು ಪೇಜಲ್ಲಿ ಎರಡು ವರ್ಷ. ಇದು ನಾರ್ಮಲ್ಲಾ?"

"ಸರ್, ಈ ಜಾತಿ ಪುಸ್ತಕ ಎಷ್ಟೋ ಹಂಗೇ ಇರುತ್ತೆ. ಮುನ್ನೂರು ಪೇಜ್ ನಡೀತಾನೇ ಇರ್ತಾರೆ, ಕೊನೇಲಿ ಒಬ್ಬರ ಮೇಲೊಬ್ಬರು ಬಿದ್ದು ಸಾಯ್ತಾರೆ. ಓದೋ ಮಜಾನೇ ಹೊರಟೋಗುತ್ತೆ. ನಡೀವಾಗ ಆಕಳಿಕೆ, ಓಡೋವಾಗ ಏದುಸಿರು."

"ನನಗೆ... ಅಂದ್ರೆ ಅವರಿಗೆ ಮೊದಲನೇ ಭಾಗ ಆಕಳಿಕೆ ಬರಲಿಲ್ಲವಂತೆ."

"ಹಂಗಾದ್ರೆ ಕಷ್ಟ. ನಿಧಾನನ ಇಷ್ಟಪಡೋ ಹಂಗೆ ಮಾಡಿ ಆಮೇಲೆ ಓಡಿಸಿದ್ರೆ ಓದೋರು ಕ್ಷಮಿಸಲ್ಲ." ಕೌಸ್ತುಭ್ ಮೊಸರನ್ನದ ಡಬ್ಬಿ ಮುಚ್ಚಿದ. "ಮೆಷಿನ್ ಹತ್ರ ಬರೆಸಿರಬಹುದು ಅಂತ ಡೌಟಾ?"

ಉದಯಶಂಕರ ತನ್ನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ.

"ಮಗಳನ್ನೇ ಕೇಳೋಕೆ ಹೇಳಿ ಸರ್, ನಿಮ್ಮ ಫ್ರೆಂಡ್‌ಗೆ" ಎಂದ ಕೌಸ್ತುಭ್, ಫ್ರೆಂಡ್ ಎಂಬ ಮಾತನ್ನು ಸ್ವಲ್ಪ ಎಳೆದು.

ಕೇಳುವುದು ಉದಯಶಂಕರನ ಪದ್ಧತಿಯಲ್ಲ. ಕೇಳಿದರೆ ಉತ್ತರ ಸಿಗುತ್ತದೆ, ಉತ್ತರವನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಅವನು ಯಂತ್ರ ಬರೆದದ್ದನ್ನು ಪತ್ತೆ ಮಾಡುವುದಾಗಿ ಹೇಳಿಕೊಳ್ಳುವ ಒಂದು ಜಾಲತಾಣಕ್ಕೆ ಹದಿನೇಳನೆಯ ಅಧ್ಯಾಯವನ್ನು ಹಾಕಿದ. ನೂರಕ್ಕೆ ಎಪ್ಪತ್ತೊಂದು ಪಾಲು ಅನುಮಾನ ಎಂದಿತು ಅದು. ಪರೀಕ್ಷೆಯನ್ನೇ ಪರೀಕ್ಷಿಸಲೆಂದು ತಾನು ಕೈಯಾರೆ ಬರೆದ ಜನವರಿಯ ವರದಿಯನ್ನು ಹಾಕಿದ. ಎಂಬತ್ತೆರಡು ಎಂದಿತು. ಎರಡನೆಯದನ್ನು ನಂಬಲಿಲ್ಲ. ಮೊದಲನೆಯದನ್ನು ಮಾತ್ರ ಬರೆದಿಟ್ಟುಕೊಂಡ.

ಆಮೇಲೆ ಮಾಡಬಾರದ್ದನ್ನು ಮಾಡಿದ. ಅಡುಗೆಮನೆಯ ಮೇಜಿನ ಮೇಲೆ ನಿಖಿತಾಳ ಲ್ಯಾಪ್‌ಟಾಪು ತೆರೆದೇ ಇತ್ತು. ಅವಳು ಸ್ನಾನಕ್ಕೆ ಹೋಗಿದ್ದಳು. ಕಾದಂಬರಿಯ ಕಡತದಲ್ಲಿ ಯಾವ ಸಾಲನ್ನು ಯಾವ ದಿನ ಬರೆದಳೆಂಬ ಚರಿತ್ರೆ ಇರುತ್ತದೆಂದು ಅವನಿಗೆ ಗೊತ್ತು. ಮೊದಲ ಹದಿನಾಲ್ಕು ಅಧ್ಯಾಯ ಹೋದ ವರ್ಷ ಹ್ಯೂಸ್ಟನ್ ಬಳಿಯ ಸೈಪ್ರೆಸ್ಸಿನಲ್ಲಿದ್ದಾಗಿನದು, ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಏಳೂಮುಕ್ಕಾಲರ ಒಳಗೆ, ಮೊಬೈಲಿನಿಂದ. ಬರೆದದ್ದು, ಹೊಡೆದದ್ದು, ಮತ್ತೆ ಬರೆದದ್ದು. ಚೊಕ್ಕವಾಗಿತ್ತು. ಕೊನೆಯ ಐದು ಈ ಚಳಿಗಾಲದವು. ಅಲ್ಲಿ ಬೆರಳಾಡಿದ ಗುರುತೇ ಇರಲಿಲ್ಲ. ಒಂದು ಭಾನುವಾರ ನಾಲ್ಕು ಸಾವಿರ ಪದ ಒಂದೇ ಕ್ಷಣದಲ್ಲಿ ಬಂದು ಕೂತಿದ್ದವು. ಬೇರೆಲ್ಲಿಂದಲೋ ತಂದು ಅಂಟಿಸಿದ್ದು.

ಸ್ನಾನದ ಮನೆಯ ನೀರಿನ ಸದ್ದು ನಿಂತಿತು. ಅವನು ಎದ್ದು ಹೋಗಿ ಹಿತ್ತಿಲ ಗಾಜಿನ ಬಾಗಿಲ ಬಳಿ ನಿಂತು, ಬೇಲಿಯಾಚೆಯ ತದ್ರೂಪಿ ಮನೆಗಳನ್ನು ನೋಡಿದ.

"ಸೈನ್ ಮಾಡಿದ್ರಾ?" ಎಂದಳು ನಳಿನಿ, ಬುಧವಾರ.

"ಇನ್ನೂ ನೋಡ್ತಿದೀನಿ."

"ಏನು ನೋಡೋದು? ಮಗಳು ಬರೆದಿರೋದು ಕಾದಂಬರಿ, ಗೃಹಸಾಲದ ಪತ್ರ ಅಲ್ಲ."

"ಸುಳ್ಳಿಗೆ ಸೈನ್ ಹಾಕಿದ್ರೆ ನಾಳೆ ಅವಳ ಹೆಸರೇ ಕೆಡುತ್ತೆ ನಳಿನಿ. ಕಾಲೇಜಿನ ತನಕ ಬರುತ್ತೆ ಅದು."

"ಸುಳ್ಳು ಅಂತ ಯಾರು ಹೇಳಿದ್ರು ನಿಮಗೆ?"

ಅವನು ಗ್ರಾಫಿನ ವಿಷಯ ಹೇಳಲಿಲ್ಲ. ಆ ಹೊತ್ತಿಗಾಗಲೇ ಗ್ರಾಫು ಆಗಿತ್ತು: ಅಡ್ಡಕ್ಕೆ ಅಧ್ಯಾಯ, ಉದ್ದಕ್ಕೆ ಕಥೆಯಲ್ಲಿ ಕಳೆದ ದಿನಗಳು. ಹದಿನಾಲ್ಕರ ತನಕ ನೆಲಕ್ಕಂಟಿದ ಗೆರೆ, ಆಮೇಲೆ ಗೋಡೆ.

ಗುರುವಾರ ಅವನಿಗೆ ಮನೆಯಿಂದಲೇ ಕೆಲಸ. ಮಧ್ಯಾಹ್ನ ಕೂತು, ಮನಸ್ಸು ತಿಳಿಯಾಗಲೆಂದು, ಕಂಪನಿಯ ನಮೂನೆಯಲ್ಲೇ ಒಂದು ವರದಿ ಬರೆದ. ಹದಿನೆಂಟು ವರ್ಷ ಹಾಗೇ ಯೋಚಿಸಿದವನಿಗೆ ಬೇರೆ ರೀತಿಯಲ್ಲಿ ಯೋಚಿಸಲು ಬರುತ್ತಿರಲಿಲ್ಲ. ಒಂಬತ್ತು ದೋಷಗಳು. ಪ್ರತಿಯೊಂದಕ್ಕೂ ವಿವರಣೆ, ಸಾಕ್ಷಿ, ತೀವ್ರತೆ. ಬರೆದು ಕಡತವಾಗಿ ಉಳಿಸಿಕೊಳ್ಳಲು ಗುಂಡಿ ಒತ್ತಿದ. ಕಡತವಾಗಲಿಲ್ಲ. ಮಹಡಿಯ ಮೇಲೆ, ನಿಖಿತಾಳ ಕೋಣೆಯ ಹೊರಗಿದ್ದ ಪ್ರಿಂಟರು ಗೊರಗೊರ ಎಂದಿತು.

ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಪ್ರಿಂಟರಿನ ಎದುರು ನಿಂತಿದ್ದಳು. ಶಾಲೆಯಿಂದ ಬಂದು, ಅರ್ಜಿಯ ಇನ್ನೊಂದು ಪ್ರತಿ ತೆಗೆಯಲೆಂದು ನಿಂತವಳ ಕೈಗೆ ಹನ್ನೊಂದು ಪುಟ ಸಿಕ್ಕಿದ್ದವು. ಮೊದಲ ಪುಟದಲ್ಲಿ ಗ್ರಾಫು.

"ಇದೇನು?" ಎಂದಳು. ಕನ್ನಡದಲ್ಲಿ.

"ಕೊಡು ಪುಟ್ಟಿ. ಅದು ನನ್ನ ನೋಟ್ಸು."

"ದೋಷ ಒಂದು. ಅಧ್ಯಾಯ ಹದಿನೈದರಿಂದ ಹತ್ತೊಂಬತ್ತು, ಹೊರಗಿನಿಂದ ತಂದು ಅಂಟಿಸಲಾಗಿದೆ." ಅವಳು ಇಂಗ್ಲಿಷಿನ ವರದಿಯನ್ನು ಮುರುಕು ಕನ್ನಡ ಮಾಡಿ ಓದುತ್ತಿದ್ದಳು, ಅವನಿಗೆ ಚೆನ್ನಾಗಿ ಕೇಳಿಸಲೆಂದೇ. "ನನ್ನ ಲ್ಯಾಪ್‌ಟಾಪ್ ನೋಡಿದ್ಯಾ ನೀನು?"

"ತೆರೆದಿತ್ತು."

"ಬಾಗಿಲು ತೆರೆದಿದ್ರೆ ಒಳಗೆ ಹೋಗ್ತೀಯಾ?"

ಅವನು ಪುಟಗಳಿಗೆ ಕೈ ಚಾಚಿದ, ಅವಳು ಹಿಂದಕ್ಕೆಳೆದುಕೊಂಡಳು.

"ಕೇಳಬಹುದಿತ್ತಲ್ಲಪ್ಪಾ. ಸ್ಕೂಲಿಗೆ ಹೋಗೋವಾಗ ಪಕ್ಕದ ಸೀಟಲ್ಲಿ ದಿನಾ ಕೂರ್ತೀನಿ. ಎಂಟು ನಿಮಿಷ. ಒಂದು ಸಲನಾದ್ರೂ ಕೇಳಿದ್ಯಾ?"

"ಈಗ ಕೇಳ್ತಿದೀನಿ. ಎಲ್ಲಿಂದ ಬಂತು ಅದು?"

ನಿಖಿತಾ ಮೊಬೈಲು ತೆಗೆದು, ಏನೋ ಹುಡುಕಿ, ಅವನ ಮುಖದ ಹತ್ತಿರ ಹಿಡಿದಳು. ಸೈಪ್ರೆಸ್ಸಿನ ಗೆಳತಿ ಸಿಯಾಳ ಹೆಸರು. ಕೆಳಗೆ ಸಾಲುಸಾಲಾಗಿ ಧ್ವನಿ ಸಂದೇಶಗಳು, ಎಲ್ಲ ನಿಖಿತಾಳವೇ. ಒಂದನ್ನು ಒತ್ತಿದಳು. ಅವಳದೇ ದನಿ, ಸ್ವಲ್ಪ ಏದುಸಿರಿನಲ್ಲಿ, ಹದಿನಾರನೆಯ ಅಧ್ಯಾಯ ಹೇಳುತ್ತಿತ್ತು.

"ಸೈಪ್ರೆಸ್ಸಲ್ಲಿ ಸ್ಕೂಲ್ ಬಸ್ಸು ನಲವತ್ತು ನಿಮಿಷ. ನಾನು ಬರೀತಿದ್ದೆ, ಸಿಯಾ ಪಕ್ಕದಲ್ಲಿ ಕೂತು ಓದ್ತಿದ್ಲು. ಒಂದು ಲೈನ್ ಬರೆದ್ರೆ ಹತ್ತು ಪ್ರಶ್ನೆ. ಏನು ತಿಂದ್ರು? ಹಮ್ರಿಗೆ ಮಕ್ಕಳಿದಾರಾ? ಆ ಗಡಿಗೆ ಏನಾಯ್ತು? ಅದಕ್ಕೇ ಅಷ್ಟು ನಿಧಾನ. ಆಮೇಲೆ ನಿನ್ನ ಆಫೀಸು ಇಲ್ಲಿಗೆ ಶಿಫ್ಟ್ ಆಯ್ತು." ಅವಳು ಉಸಿರು ತೆಗೆದುಕೊಂಡಳು. "ಇಲ್ಲಿಂದ ಆಡಿಯೋ ಮಾಡಿ ಕಳಿಸ್ತಿದ್ದೆ. ಮೊದಲು ಪೂರ್ತಿ ಕೇಳ್ತಿದ್ಲು. ಆಮೇಲೆ ಸ್ವಿಮ್ ಟೀಮ್ ಸೇರಿದ್ಲು. ಉದ್ದ ಇದ್ರೆ ಕೇಳಲ್ಲ. ಅದಕ್ಕೇ ಚಿಕ್ಕದು ಮಾಡ್ದೆ. ಇನ್ನೂ ಚಿಕ್ಕದು ಮಾಡ್ದೆ. ಮೊಬೈಲು ಅದನ್ನ ಬರಹ ಮಾಡಿ ಕೊಡುತ್ತೆ, ತಂದು ಅಂಟಿಸಿದೆ. ಹೌದು. ಅಂಟಿಸಿದೆ. ನನ್ನದೇ ಬಾಯಿಂದ ಬಂದಿದ್ದು."

ಉದಯಶಂಕರ ಆ ಸಾಲುಸಾಲು ಸಂದೇಶಗಳನ್ನು ನೋಡಿದ. ಮೇಲಿನವು ಇಪ್ಪತ್ತು ನಿಮಿಷ, ಹದಿನೆಂಟು ನಿಮಿಷ. ಕೆಳಗಿಳಿದಂತೆ ಒಂಬತ್ತು, ಐದು, ಎರಡು. ಉತ್ತರವಾಗಿ ಮೊದಲು ಉದ್ದುದ್ದ ಸಾಲುಗಳು, ಆಮೇಲೆ ಬರೀ ಹೆಬ್ಬೆರಳಿನ ಚಿತ್ರ. ತನ್ನ ಗ್ರಾಫಿನ ಗೋಡೆ ಏಳುವುದು ಹ್ಯೂಸ್ಟನ್ ಬಿಟ್ಟ ಮೇಲಿನ ಮೊದಲ ಅಧ್ಯಾಯದಲ್ಲೇ ಎಂದು ಅವನಿಗೆ ಹೊಳೆದದ್ದು ಆಗ. ಇಷ್ಟು ದಿನ ಅದೇ ಗೆರೆಯನ್ನು ನೋಡಿದ್ದ; ಆ ಹೊತ್ತಿಗೆ ಮತ್ತೇನು ಬದಲಾಯಿತು ಎಂಬ, ಆಫೀಸಿನಲ್ಲಿ ಮೊದಲು ಕೇಳುವ ಪ್ರಶ್ನೆಯನ್ನು ಮನೆಯಲ್ಲಿ ಕೇಳಿರಲಿಲ್ಲ.

"ಹಾಗಿದ್ರೆ ಹಮ್ರಿ?" ಎಂದ. ಬಾಯಿಗೆ ಬಂದದ್ದು ಅದೇ.

ನಿಖಿತಾ ವರದಿಯ ಪುಟ ತಿರುವಿದಳು. "ದೋಷ ಐದು. ಹಮ್ರಿ, ಅಧ್ಯಾಯ ಹದಿನೇಳು, ಕಾರಣವಿಲ್ಲದೆ ಅರ್ಧ ಸಾಲಿನಲ್ಲಿ ಸಾಯುತ್ತಾಳೆ. ತೀವ್ರತೆ, ಅತ್ಯಂತ ಗಂಭೀರ." ತಲೆಯೆತ್ತಿದಳು. "ಅಂಟಿಸಿದ್ದಕ್ಕೆ ಬರೀ ಗಂಭೀರ ಅಂತ ಹಾಕಿದೀಯ. ಇದಕ್ಕೆ ಯಾಕೆ ಅತ್ಯಂತ?"

"ಹದಿನಾಲ್ಕು ದಿನ ಅವಳ ಜೊತೆ ಕೂತಿದ್ದೆ ಕಣೇ" ಎಂದ ಉದಯಶಂಕರ. ದನಿ ಯಾಕೋ ಜಗಳದ ದನಿಯಾಗಿತ್ತು. "ಆ ಮುದುಕಿನ ಹಾಗಾ ಕಳಿಸೋದು? ಎಲ್ಲಿ ಸತ್ತಳು, ಯಾವಾಗ, ಪಕ್ಕದಲ್ಲಿ ಯಾರಿದ್ರು, ಏನೂ ಇಲ್ಲ. ಮುಂದೆ ಓದೋಕೇ ಮನಸ್ಸಾಗ್ಲಿಲ್ಲ. ಕಿರೀಟ ಸಿಕ್ಕಿದ್ರೆ ಸಿಗಲಿ, ನನಗೇನು ಅನ್ನಿಸ್ತು."

ಮಗಳು ವರದಿಯ ಪುಟಗಳನ್ನು ಪ್ರಿಂಟರಿನ ಮೇಲಿಟ್ಟಳು.

"ಅದು ಟೆಸ್ಟ್" ಎಂದಳು.

"ಏನು?"

"ಸಿಯಾಗೆ ಹಮ್ರಿ ಅಂದ್ರೆ ಪ್ರಾಣ. ಅವಳು ನಿಜವಾಗ್ಲೂ ಕೇಳ್ತಿದಾಳಾ ಇಲ್ವಾ ಅಂತ ಡೌಟ್ ಬಂತು. ಅದಕ್ಕೇ ಮಧ್ಯದಲ್ಲಿ ಕೊಂದೆ. ಕೇಳಿದ್ರೆ ಕಿರುಚ್ತಾಳೆ ಅಂದ್ಕೊಂಡೆ." ಆ ಸಂದೇಶವನ್ನು ತೋರಿಸಿದಳು. ಕೆಳಗೆ ಹೆಬ್ಬೆರಳು. "ಆಮೇಲೆ ತೆಗೆಯೋಕೆ ಮನಸ್ಸು ಬರಲಿಲ್ಲ. ಹಾಗೇ ಬಿಟ್ಟೆ."

ಕೆಳಗಿನಿಂದ ನಳಿನಿ ಬಂದು ಮೆಟ್ಟಿಲ ಅರ್ಧದಲ್ಲಿ ನಿಂತಿದ್ದಳು. ಉದಯಶಂಕರ ಜೇಬಿನಿಂದ ಪೆನ್ನು ತೆಗೆದ. "ಕೊಡು ಆ ಅರ್ಜಿ. ಸೈನ್ ಮಾಡ್ತೀನಿ."

ನಿಖಿತಾ ಅರ್ಜಿಯನ್ನು ಎದೆಗೆ ಒತ್ತಿ ಹಿಡಿದಳು. "ನನ್ನನ್ನ ನಂಬಿ ಮಾಡ್ತಿದೀಯಾ, ಪ್ರೂಫ್ ಸಿಕ್ಕಿತು ಅಂತ ಮಾಡ್ತಿದೀಯಾ?"

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅವನು ಸುಳ್ಳು ಹೇಳುವವನಲ್ಲ, ಆ ಒಂದು ವಿಷಯದಲ್ಲಿ ಯಾರೂ ಅವನನ್ನು ಅನುಮಾನಿಸುವಂತಿರಲಿಲ್ಲ.

"ಪ್ರೂಫ್ ಸಿಕ್ಕಿತು ಅಂತ" ಎಂದ.

"ಗೊತ್ತಿತ್ತು." ಅವಳು ಅವನನ್ನು ದಾಟಿಕೊಂಡು ಮೆಟ್ಟಿಲಿಳಿದಳು. "ಅಮ್ಮಾ, ನೀನು ಸೈನ್ ಮಾಡು."

ನಳಿನಿ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ. ಅಡುಗೆಮನೆಯ ಕಲ್ಲಿನ ಮೇಲೆ ಅರ್ಜಿಯಿಟ್ಟು, ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಒಂದು ಅಧ್ಯಾಯವನ್ನೂ ಅವಳು ಓದಿರಲಿಲ್ಲ. ಶುಕ್ರವಾರ ಗಡುವಿಗೆ ಮೊದಲೇ ಕಾದಂಬರಿ ಆಸ್ಟಿನ್ನಿಗೆ ಹೋಯಿತು, ಆ ಅರ್ಧ ಸಾಲಿನ ಸಮೇತ. ಶನಿವಾರ ಉದಯಶಂಕರ ತನ್ನ ಮೊಬೈಲಿನಲ್ಲಿ ಕಡತ ತೆರೆಯಲು ನೋಡಿದ. ನಿಮಗೆ ಅನುಮತಿಯಿಲ್ಲ ಎಂದಿತು ಪರದೆ. ಅನುಮತಿ ಕೋರಲು ಒಂದು ಗುಂಡಿಯಿತ್ತು. ಅವನು ಒತ್ತಲಿಲ್ಲ.

ಮುಂದಿನ ಎರಡು ವಾರ ಶಾಲೆಯ ದಾರಿಯಲ್ಲಿ ಅವಳ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅವನು ಏನೂ ಕೇಳಲಿಲ್ಲ. ಏನು ಕೇಳಿದರೂ ಅದು ತನಿಖೆಯಂತೆ ಕೇಳಿಸುತ್ತದೆಂದು ಅವನಿಗೆ ಮೊದಲ ಸಲ ಭಯವಾಗಿತ್ತು. ಮೂರನೆಯ ಮಂಗಳವಾರ, ಗ್ಯಾರೇಜಿನಿಂದ ಕಾರು ಹೊರತೆಗೆದು ಎರಡನೆಯ ತಿರುವಿಗೆ ಬರುವಾಗ ಅವಳು ಒಂದು ಕಿವಿಯದನ್ನು ತೆಗೆದಳು. ಮುಖ ಕಿಟಕಿಯ ಕಡೆಗೇ ಇತ್ತು.

"ಹಮ್ರಿ ದಡಕ್ಕೆ ಇಳಿಯಲ್ಲ" ಎಂದಳು, ಕನ್ನಡದಲ್ಲೇ. "ರೂವೆ ಕರೀತಾಳೆ. ಅವಳು ಕಿವುಡು ಕಿವಿ ಕೊಡ್ತಾಳೆ."

ಉದಯಶಂಕರ ರೇಡಿಯೋ ಆರಿಸಿದ.

"ಖಾಲಿ ಗಡಿಗೆಗಳೆಲ್ಲಾ ದೋಣಿಲೇ ಇದಾವೆ. ಹದಿನಾಲ್ಕು. ಅವಳು ಒಂದೊಂದನ್ನೇ ಬಗ್ಗಿಸ್ತಾಳೆ. ಬುಡದಲ್ಲಿರೋ ಉಸಿರು ಬರುತ್ತೆ ಅಂತ. ಅಷ್ಟರಲ್ಲೇ ವಾಪಸ್ ಹೋಗ್ತೀನಿ ಅಂತಾಳೆ."

"ಅಷ್ಟು ಗಾಳಿ ಸಾಲುತ್ತಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಅವಳು ತಿರುಗಿ ನೋಡಿದಳು, ಸಿಟ್ಟಿಲ್ಲದೆ, ಯೋಚಿಸುವವಳ ಹಾಗೆ.

"ಇಲ್ಲ" ಎಂದಳು. "ಅವಳಿಗೂ ಗೊತ್ತು ಅದು. ಮೊದಲನೇ ಗಡಿಗೆ ಬಗ್ಗಿಸ್ತಾಳೆ. ಏನಿಲ್ಲ. ಎರಡನೇದು..."

ಶಾಲೆಯ ಗೇಟು ಬಂದಿತ್ತು. ಹಿಂದಿನ ಕಾರು ಹಾರ್ನ್ ಮಾಡಿತು. ನಿಖಿತಾ ಬ್ಯಾಗು ಎಳೆದುಕೊಂಡು ಇಳಿದಳು, ಬಾಗಿಲು ಹಾಕಿದಳು, ಮಕ್ಕಳ ಗುಂಪಿನಲ್ಲಿ ಸೇರಿಹೋದಳು. ಉದಯಶಂಕರ ಅಂದು ಆಫೀಸಿಗೆ ತಡವಾಗಿ ಹೋದ. ಮಧ್ಯಾಹ್ನ ಮೂರೂವರೆಗೆ ಅವಳನ್ನು ಕರೆತರುವ ಪಾಳಿ ನಳಿನಿಯದು; ತಾನೇ ಹೋಗುತ್ತೇನೆಂದು ಹೆಂಡತಿಗೆ ಮೆಸೇಜು ಮಾಡಿದ.